ಮೊಬೈಲ್‌ನಲ್ಲಿ ಚಂದ, ಟಿವಿಯಲ್ಲಿ ಮಂಕು: ಒಂದೇ ವಿಡಿಯೊ ಪರದೆಯಿಂದ ಪರದೆಗೆ ಬದಲಾಗುವುದೇಕೆ? ಏನಿದು ಟೋನ್ ಮ್ಯಾಪಿಂಗ್?

ಥಾಣೆಯ ಗಡ್ಕರಿ ರಂಗಾಯತನ, ಡೊಂಬಿವಲಿಯ ಸಾವಿತ್ರಿಬಾಯಿ ಫುಲೆ ಕಲಾಮಂದಿರ, ಕಲ್ಯಾಣ್‌ನ ಆಚಾರ್ಯ ಅತ್ರೆ ರಂಗಮಂದಿರ, ನವಿ ಮುಂಬೈ ವಾಶಿಯ ವಿಷ್ಣುದಾಸ ಭಾವೆ ನಾಟ್ಯಗೃಹ. ಇಂಥ ಯಾವುದೇ ಸಭಾಂಗಣದಲ್ಲಿ ಯಕ್ಷಗಾನವೋ ನಾಟಕವೋ ನಡೆದರೆ ಪ್ರೇಕ್ಷಕರ ಮೊಬೈಲ್‌ಗಳೂ ಕೆಲಸ ಶುರು ಮಾಡುತ್ತವೆ. ತೆಗೆದ ವಿಡಿಯೊ ಆ ಮೊಬೈಲ್‌ನಲ್ಲಿ ಚಂದ ಕಾಣುತ್ತದೆ. ಅದನ್ನೇ ಮನೆಯ ಹಳೆಯ ಟಿವಿಗೆ ಹಾಕಿದರೆ ಕಿರೀಟದ ಬೇಗಡೆ ಬರೀ ಬಿಳಿ ಮಚ್ಚೆಯಾಗುತ್ತದೆ, ಇಲ್ಲವೇ ಇಡೀ ವಿಡಿಯೊ ಬೂದು ಬಣ್ಣಕ್ಕೆ ತಿರುಗುತ್ತದೆ. ಇದು ಟಿವಿ ಕೆಟ್ಟಿರುವ ಲಕ್ಷಣವಲ್ಲ. ಒಂದು ಪರದೆಗೆ ಹೊಂದುವ ಬೆಳಕಿನ ವ್ಯಾಪ್ತಿ ಇನ್ನೊಂದಕ್ಕೆ ಹೊಂದದಿರುವುದೇ ಕಾರಣ. ಈ ಹೊಂದಾಣಿಕೆ ಮಾಡುವ ತಂತ್ರದ ಹೆಸರು ಟೋನ್ ಮ್ಯಾಪಿಂಗ್.

ಬೆಳಕಿಗೂ ಅಳತೆಯಿದೆ

ಪರದೆಯ ಹೊಳಪನ್ನು 'ನಿಟ್' ಎಂಬ ಮಾನದಲ್ಲಿ ಅಳೆಯುತ್ತಾರೆ. ಚಿತ್ರಮಂದಿರದ ಸಾಮಾನ್ಯ ಡಿಜಿಟಲ್ ಪರದೆಗೆ ನಿಗದಿಯಾದ ಹೊಳಪು 48 ನಿಟ್. ಸಾಮಾನ್ಯ ಟಿವಿ ಕಾರ್ಯಕ್ರಮಗಳನ್ನು ಸುಮಾರು 100 ನಿಟ್ ಆಧಾರವಾಗಿಟ್ಟು ಸಿದ್ಧಪಡಿಸುವುದು ರೂಢಿ. ಹೆಚ್ಚಿನ ಬೆಳಕಿನ ವ್ಯಾಪ್ತಿಯ, ಅಂದರೆ ಎಚ್‌ಡಿಆರ್ ವಿಡಿಯೊಗಳನ್ನು ಬಹುಪಾಲು 1,000 ಅಥವಾ 4,000 ನಿಟ್‌ಗೆ ಸಿದ್ಧಪಡಿಸಲಾಗುತ್ತದೆ. ಮಧ್ಯಾಹ್ನದ ಬಿಸಿಲಿಗೆ ಹಿಡಿದ ಬಿಳಿ ಕಾಗದವಾದರೋ ಹತ್ತಾರು ಸಾವಿರ ನಿಟ್ ಹೊಳೆಯುತ್ತದೆ.

ಅಂದರೆ ಕಣ್ಣಿಗೆ ಕಾಣುವ ಬೆಳಕನ್ನು ಯಾವ ಪರದೆಯೂ ಇದ್ದಂತೆ ತೋರಿಸಲಾರದು. ಎಲ್ಲೋ ಒಂದು ಕಡೆ ಹಿಂಡಲೇಬೇಕು. ಎಲ್ಲಿ ಹಿಂಡಬೇಕು ಎಂಬುದೇ ಪ್ರಶ್ನೆ.

ಕತ್ತರಿಸುವುದೋ, ಹಿಂಡುವುದೋ?

ಒಂದು ಉದಾಹರಣೆ ನೋಡಿ. ವಿಡಿಯೊದಲ್ಲಿ ವೇಷಧಾರಿಯ ಮುಖ 60 ನಿಟ್, ಕಿರೀಟದ ಹೊಳಪು 900 ನಿಟ್ ಇದೆ. ನಿಮ್ಮ ಟಿವಿಯ ಗರಿಷ್ಠ ಸಾಮರ್ಥ್ಯ 300 ನಿಟ್. ಮುಂದಿರುವುದು ಮೂರು ದಾರಿ.

ಮೊದಲನೆಯದು, 300ಕ್ಕಿಂತ ಮೇಲಿನದ್ದನ್ನೆಲ್ಲ ಕತ್ತರಿಸುವುದು. ಮುಖ ಸರಿಯಾಗಿ ಕಾಣುತ್ತದೆ, ಆದರೆ ಕಿರೀಟದ ಕುಸುರಿ ಮಾಯವಾಗುತ್ತದೆ. ಎರಡನೆಯದು, ಎಲ್ಲವನ್ನೂ ಮೂರರಿಂದ ಭಾಗಿಸುವುದು. ಕಿರೀಟ ಉಳಿಯುತ್ತದೆ, ಆದರೆ ಮುಖ 20 ನಿಟ್‌ಗೆ ಇಳಿದು ಕತ್ತಲಾಗುತ್ತದೆ. ಮೂರನೆಯದು ಟೋನ್ ಮ್ಯಾಪಿಂಗ್. ನೆರಳು ಮತ್ತು ಮಧ್ಯಮ ಬೆಳಕನ್ನು ಹೆಚ್ಚು ಮುಟ್ಟದೆ, ಮೇಲಿನ ಹೊಳಪನ್ನು ಮಾತ್ರ ಬಾಗಿದ ರೇಖೆಯಂತೆ ನಿಧಾನವಾಗಿ ಹಿಂಡುವುದು.

2002ರಲ್ಲಿ ಎರಿಕ್ ರೀನ್‌ಹಾರ್ಡ್ ಮತ್ತು ಸಂಗಡಿಗರು ಮಂಡಿಸಿದ ವಿಧಾನ ಈ ಕ್ಷೇತ್ರದಲ್ಲಿ ಹೆಸರುವಾಸಿ. ಛಾಯಾಗ್ರಾಹಕ ಆನ್ಸೆಲ್ ಆಡಮ್ಸ್ ಡಾರ್ಕ್‌ರೂಮ್ ಕಾಲದಲ್ಲಿ ರೂಪಿಸಿದ್ದ 'ಜೋನ್ ಸಿಸ್ಟಂ' ಅದಕ್ಕೆ ಪ್ರೇರಣೆ. ಅದರ ಅತಿ ಸರಳ ಸೂತ್ರ ಇಷ್ಟೇ: ಬೆಳಕಿನ ಪ್ರಮಾಣವನ್ನು ಅದಕ್ಕೆ ಒಂದು ಕೂಡಿಸಿ ಬಂದ ಸಂಖ್ಯೆಯಿಂದ ಭಾಗಿಸಬೇಕು. ಆಗ 1 ಎಂಬುದು 0.5 ಆಗುತ್ತದೆ, 9 ಎಂಬುದು 0.9, 99 ಎಂಬುದು 0.99. ಬೆಳಕು 9ರಿಂದ 99ಕ್ಕೆ, ಅಂದರೆ 11 ಪಟ್ಟು ಏರಿದರೂ ಪರದೆಯಲ್ಲಿ ಏರಿಕೆ ಶೇ 10 ಮಾತ್ರ. ಎಷ್ಟೇ ಪ್ರಖರ ಬೆಳಕಾದರೂ 1ರ ಗಡಿ ದಾಟುವುದಿಲ್ಲ.

ವಿಡಿಯೊ ಬೂದಾಗುವುದೇಕೆ?

2020ರಲ್ಲಿ ಬಂದ ಐಫೋನ್ 12 ಸರಣಿಯ ಬಳಿಕ ಮೊಬೈಲ್‌ನಲ್ಲೇ ಎಚ್‌ಡಿಆರ್ ವಿಡಿಯೊ ತೆಗೆಯುವುದು ಸಾಮಾನ್ಯವಾಗಿದೆ. ಎಚ್‌ಡಿಆರ್‌ಗೆ ಬಳಕೆಯಲ್ಲಿರುವ ಮುಖ್ಯ ಪದ್ಧತಿಗಳು ಎರಡು. 10,000 ನಿಟ್‌ವರೆಗಿನ ಬೆಳಕನ್ನು ಸಂಕೇತಿಸುವ 'ಪಿಕ್ಯೂ' ಒಂದು. ಬಿಬಿಸಿ ಮತ್ತು ಜಪಾನ್‌ನ ಎನ್‌ಎಚ್‌ಕೆ ಪ್ರಸಾರ ಸಂಸ್ಥೆಗಳು ರೂಪಿಸಿದ 'ಎಚ್‌ಎಲ್‌ಜಿ' ಇನ್ನೊಂದು. ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟ 2016ರಲ್ಲಿ ಇವೆರಡನ್ನೂ ಒಂದೇ ಶಿಫಾರಸಿನಲ್ಲಿ ಸೇರಿಸಿತು. ಈ ಸಂಕೇತ ಅರ್ಥವಾಗದ ಟಿವಿ ಅಥವಾ ಪ್ರೊಜೆಕ್ಟರ್ ಅದನ್ನು ಸಾಮಾನ್ಯ ವಿಡಿಯೊ ಎಂದೇ ಭಾವಿಸಿ ತೋರಿಸುತ್ತದೆ. ಬಣ್ಣ ಮಾಸಿ, ಚಿತ್ರ ಬೂದಾಗುವುದು ಆಗಲೇ.

ಫೋಟೊಗಳಲ್ಲಿ ಇದಕ್ಕೆ ಪರಿಹಾರ ಬಂದಿದೆ. 2023ರ ಆಂಡ್ರಾಯ್ಡ್ 14ರಲ್ಲಿ ಬಂದ 'ಅಲ್ಟ್ರಾ ಎಚ್‌ಡಿಆರ್' ಮಾದರಿಯಲ್ಲಿ ಸಾಮಾನ್ಯ ಚಿತ್ರವೂ, ಎಲ್ಲೆಲ್ಲಿ ಎಷ್ಟು ಹೊಳಪು ಕೂಡಿಸಬೇಕೆಂಬ ನಕ್ಷೆಯೂ ಒಂದೇ ಫೈಲ್‌ನಲ್ಲಿರುತ್ತವೆ. ಹಳೆಯ ಪರದೆ ಚಿತ್ರವನ್ನಷ್ಟೇ ತೋರಿಸುತ್ತದೆ, ಹೊಸ ಪರದೆ ನಕ್ಷೆಯನ್ನೂ ಬಳಸಿಕೊಳ್ಳುತ್ತದೆ.

ಸುತ್ತಲಿನ ಬೆಳಕೂ ಮುಖ್ಯ

ಪರದೆ ಒಂದೇ ಆದರೂ ನೋಡುವ ಜಾಗ ಬದಲಾದರೆ ಚಿತ್ರ ಬದಲಾಗುತ್ತದೆ. ರೈಲಿನ ಬಾಗಿಲ ಬಳಿ ಬಿಸಿಲು ಮೊಬೈಲ್ ಗಾಜಿಗೆ ಬಡಿದಾಗ ಕಪ್ಪು ಕಪ್ಪಾಗಿ ಉಳಿಯುವುದಿಲ್ಲ. ರಾತ್ರಿಯ ದೃಶ್ಯ ಏನೂ ಕಾಣುವುದಿಲ್ಲ. ಥಾಣೆ ಮತ್ತು ಕಲ್ಯಾಣ್ ನಡುವೆ ಸುಮಾರು 1.3 ಕಿ.ಮೀ. ಉದ್ದದ, 1916ರ ಪಾರ್ಸಿಕ್ ಸುರಂಗವನ್ನು ರೈಲು ಹೊಕ್ಕರೆ ಅದೇ ಪರದೆ ಕಣ್ಣು ಚುಚ್ಚುತ್ತದೆ. ಹೀಗಾಗಿ ಮೊಬೈಲ್‌ಗಳು ಸೆನ್ಸರ್ ಮೂಲಕ ಸುತ್ತಲಿನ ಬೆಳಕನ್ನು ಅಳೆದು ಹೊಳಪು ಬದಲಿಸುತ್ತವೆ. ಕೆಲವು ಮೊಬೈಲ್‌ಗಳು ಬಿಸಿಲಲ್ಲಿ ಚಿತ್ರದ ನೆರಳಿನ ಭಾಗವನ್ನೂ ಎತ್ತಿ ತೋರಿಸುತ್ತವೆ.

ನೀವು ಏನು ಮಾಡಬಹುದು?

* ವೇದಿಕೆಯ ಕಾರ್ಯಕ್ರಮ ಚಿತ್ರೀಕರಿಸುವಾಗ ಪರದೆಯಲ್ಲಿ ಕಲಾವಿದರ ಮುಖದ ಮೇಲೆ ಬೆರಳಿಟ್ಟು ಒತ್ತಿ ಹಿಡಿಯಿರಿ. ನಂತರ ಹೊಳಪನ್ನು ಸ್ವಲ್ಪ ತಗ್ಗಿಸಿ. ನೆರಳನ್ನು ಆಮೇಲೆ ಒಂದಿಷ್ಟು ಎತ್ತಬಹುದು. ಪೂರ್ತಿ ಬಿಳಿಯಾಗಿ ಹೋದ ಬೇಗಡೆಯ ಕುಸುರಿ ಮತ್ತೆ ಸಿಗದು.

* ಹಳೆಯ ಟಿವಿ, ಪ್ರೊಜೆಕ್ಟರ್‌ನಲ್ಲಿ ತೋರಿಸುವ ಉದ್ದೇಶವಿದ್ದರೆ ಕ್ಯಾಮೆರಾ ಸೆಟ್ಟಿಂಗ್ಸ್‌ನಲ್ಲಿ ಎಚ್‌ಡಿಆರ್ ವಿಡಿಯೊ ಆಯ್ಕೆಯನ್ನು ಆಫ್ ಮಾಡಿ.

* ಈಗಾಗಲೇ ಎಚ್‌ಡಿಆರ್‌ನಲ್ಲಿ ತೆಗೆದಿದ್ದರೆ ಎಡಿಟಿಂಗ್ ಆ್ಯಪ್‌ನಲ್ಲಿ ಎಸ್‌ಡಿಆರ್ ಪ್ರತಿ ಮಾಡಿಕೊಳ್ಳಿ. ಮೂಲ ಫೈಲ್ ಅಳಿಸಬೇಡಿ.

* ಸಮಾರಂಭದಲ್ಲಿ ತೋರಿಸುವ ಮೊದಲು ಅದೇ ಪ್ರೊಜೆಕ್ಟರ್‌ನಲ್ಲಿ, ಅದೇ ಸಭಾಂಗಣದ ದೀಪಗಳಲ್ಲಿ ಒಮ್ಮೆ ಹಾಕಿ ನೋಡಿ.

ಟೋನ್ ಮ್ಯಾಪಿಂಗ್ ಇಲ್ಲದ ಬೆಳಕನ್ನು ಸೃಷ್ಟಿಸುವುದಿಲ್ಲ, ಇರುವುದರಲ್ಲಿ ಯಾವುದನ್ನು ಉಳಿಸಬೇಕೆಂದು ಆರಿಸುತ್ತದೆ ಅಷ್ಟೇ. ಇವತ್ತಿನ ಟಿವಿಗಾಗಿ ಹಿಂಡಿದ ಪ್ರತಿಯೊಂದೇ ಉಳಿದರೆ, ಹತ್ತು ವರ್ಷದ ನಂತರ ಎಷ್ಟೇ ಒಳ್ಳೆಯ ಪರದೆ ಬಂದರೂ ಅದರಲ್ಲಿ ಕಾಣುವುದು ಇವತ್ತಿನ ಟಿವಿಯ ಮಿತಿಯೇ.