ಗುಳ್ಳೆ ಹೊತ್ತೊಯ್ದ ಗ್ಯಾಸ್

ಇವತ್ತು ಗುಳ್ಳೆಯ ಚರಿತ್ರೆ. ನೀರಿನ ಗುಳ್ಳೆ ಅಲ್ಲ, ಮರಳಿನೊಳಗಿನ ಗುಳ್ಳೆ.

ಕೊಳವೆಗೆ ಸಣ್ಣ ಮರಳು ತುಂಬಿ ಕೆಳಗಿನಿಂದ ಗಾಳಿ ಊದಿ. ಒಂದು ವೇಗ ದಾಟಿದರೆ ಕಣಗಳ ಭಾರವನ್ನು ಗಾಳಿಯೇ ಹೊರುತ್ತೆ, ಮರಳು ದ್ರವದ ಥರ ತೂಗಾಡುತ್ತೆ. ಇನ್ನೂ ಊದಿದ್ರೆ ಕುದಿಯೋ ಗಂಜಿಯಂತೆ ಗುಳ್ಳೆ ಏಳುತ್ತೆ. 1920ರ ದಶಕದಲ್ಲಿ ಜರ್ಮನಿಯ ಫ್ರಿಟ್ಜ್ ವಿಂಕ್ಲರ್ ಇದೇ ಉಪಾಯದಿಂದ ಕಲ್ಲಿದ್ದಲನ್ನು ಅನಿಲ ಮಾಡಿದ್ರು. 1942ರಲ್ಲಿ, ಯುದ್ಧದ ನಡುವೆ, ಅಮೆರಿಕದ ಬ್ಯಾಟನ್ ರೂಜ್‌ನಲ್ಲಿ ಭಾರವಾದ ತೈಲ ಒಡೆದು ಪೆಟ್ರೋಲ್ ಮಾಡುವ ಘಟಕ ಶುರುವಾಯ್ತು. ಅದು ಗೆದ್ದಿತು.

ಆ ಧೈರ್ಯದಲ್ಲೇ ಟೆಕ್ಸಾಸ್‌ನ ಬ್ರೌನ್ಸ್‌ವಿಲ್‌ನಲ್ಲಿ ಹೈಡ್ರೋಕಾಲ್ ಸ್ಥಾವರ ಕಟ್ಟಿದ್ರು. ನೈಸರ್ಗಿಕ ಅನಿಲದಿಂದ ಪೆಟ್ರೋಲ್ ಮಾಡೋ ಯೋಜನೆ. ಪ್ರಯೋಗದ ಸಣ್ಣ ಕೊಳವೆಯಲ್ಲಿ ಚೆನ್ನಾಗಿ ನಡೆದಿದ್ದ ಕ್ರಿಯೆ ದೊಡ್ಡ ರಿಯಾಕ್ಟರ್‌ನಲ್ಲಿ ಸೊರಗಿತು. ಅಗಲವಾದ ಪಾತ್ರೆಯಲ್ಲಿ ಗುಳ್ಳೆಗಳು ಒಂದಕ್ಕೊಂದು ಸೇರಿ ಬೆಳೀತವೆ, ಒಳಗಿನ ಗ್ಯಾಸ್ ಕಣಗಳನ್ನು ಮುಟ್ಟದೇ ಮೇಲೆ ಹೋಗಿಬಿಡುತ್ತೆ. ಕೋಟಿಗಟ್ಟಲೆ ಡಾಲರ್ ಹೀಗೆ ಗುಳ್ಳೆಯ ಪಾಲಾಗಬಾರದು ಅಂದ್ರೆ ಮೊದಲೇ ಲೆಕ್ಕ ಹಾಕೋ ದಾರಿ ಬೇಕಿತ್ತು.

ನಾನು ಓದಿದ್ದು ಬಿ.ಕಾಂ., ಹಾಗಾಗಿ 1952ರ ಟೂಮಿ–ಜಾನ್‌ಸ್ಟೋನ್ ಲೆಕ್ಕ ನನಗೆ ಬೇಗ ಹಿಡಿಸಿತು: ಮರಳನ್ನು ತೇಲಿಸೋಕೆ ಬೇಕಾದಷ್ಟು ಗ್ಯಾಸ್ ಒಂದು ಖಾತೆಗೆ, ಮಿಕ್ಕಿದ್ದೆಲ್ಲ ಗುಳ್ಳೆ ಖಾತೆಗೆ. ಆದರೆ ಒಂದು ಖಾತೆಯಿಂದ ಇನ್ನೊಂದಕ್ಕೆ ಎಷ್ಟು ವರ್ಗಾವಣೆ? ಅದು ಇದರಲ್ಲಿಲ್ಲ.

ಅಲ್ಲಿಗೆ ಕೈಹಾಕಿದವರು ಕೇಂಬ್ರಿಡ್ಜ್‌ನ ಜಾನ್ ಡೇವಿಡ್‌ಸನ್, 1961ರಲ್ಲಿ. ಗುಳ್ಳೆ ದುಂಡಗಿದೆ, ಕಣಗಳು ಅದರ ಸುತ್ತ ಅಂಟಿಲ್ಲದ ದ್ರವದಂತೆ ಹರೀತವೆ, ಗ್ಯಾಸ್ ಸಂದಿಗಳಲ್ಲಿ ಒತ್ತಡಕ್ಕೆ ತಕ್ಕಂತೆ ನುಸುಳುತ್ತೆ. ಇಷ್ಟೇ ಇಟ್ಟುಕೊಂಡು ಕಾಗದದ ಮೇಲೆ ಬಿಡಿಸಿದ್ರು. ಬಂದ ಉತ್ತರ ಸೊಗಸಾದದ್ದು. ಗುಳ್ಳೆ ನಿಧಾನವಾಗಿದ್ರೆ ಗ್ಯಾಸ್ ಕೆಳಗಿಂದ ಒಳಬಂದು ಮೇಲಿಂದ ಹೊರಟುಹೋಗುತ್ತೆ. ಸಂದಿಯ ಗ್ಯಾಸ್‌ಗಿಂತ ಗುಳ್ಳೆಯೇ ಜೋರಾಗಿ ಏರಿದ್ರೆ, ಮೇಲಿಂದ ಹೊರಬಿದ್ದ ಗ್ಯಾಸ್ ಬಳಸಿಕೊಂಡು ಬಂದು ತಳದಿಂದ ಮತ್ತೆ ಅದೇ ಗುಳ್ಳೆಗೆ ಸೇರುತ್ತೆ! ಸುತ್ತ ಒಂದು ತೆಳು ಮೋಡ. ಅದರಾಚೆಯ ಕಣಗಳಿಗೆ ಆ ಗ್ಯಾಸ್ ಹೆಚ್ಚುಕಮ್ಮಿ ಸಿಗೋದೇ ಇಲ್ಲ.

ನಂಬೋದು ಹೇಗೆ? ಪೀಟರ್ ರೋವ್ ತಂಡ ಕಂದು ಬಣ್ಣದ ನೈಟ್ರೋಜನ್ ಡೈಆಕ್ಸೈಡ್ ಗುಳ್ಳೆ ಬಿಟ್ಟು ಫೋಟೋ ತೆಗೀತು. 1964ರಲ್ಲಿ ಪ್ರಕಟವಾಯ್ತು. ಮೋಡ ಅಲ್ಲಿತ್ತು. ಗುಳ್ಳೆ ಮಾತ್ರ ಪೂರ್ತಿ ದುಂಡಗಿರಲಿಲ್ಲ, ತಳ ಒಳಕ್ಕೆ ಬಾಗಿ ಅಲ್ಲೊಂದಿಷ್ಟು ಮರಳನ್ನೂ ಹೊತ್ತೊಯ್ತಿತ್ತು.

ಈಗ ಕಂಪ್ಯೂಟರ್‌ನಲ್ಲಿ ಒಂದೊಂದು ಕಣವನ್ನೂ ಹಿಂಬಾಲಿಸೋ ಮಾದರಿಗಳಿವೆ. ಆದರೆ ಕಾರ್ಖಾನೆಯ ರಿಯಾಕ್ಟರ್‌ನಲ್ಲಿ ಕಣಗಳು ಎಣಿಕೆಗೆ ಮೀರಿದಷ್ಟು. ಅದಕ್ಕೇ ಅಲ್ಲಿ ಇವತ್ತಿಗೂ ಮರಳನ್ನು ದ್ರವ ಅಂತಲೇ ಲೆಕ್ಕಕ್ಕೆ ಹಿಡೀತಾರೆ.