ಎರಡಕ್ಕೆ ಮೂರು ಕೂಡಿಸು

2015ರ ಮಳೆಗಾಲ. ಸುರಪುರದ ಕಾಲೇಜೊಂದರಲ್ಲಿ ನಾನು ಬಿಎಸ್ಸಿ ಮೊದಲ ವರ್ಷದಲ್ಲಿದ್ದೆ. ಹತ್ತನೇ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿ ಬಂದವರೇ ನಮ್ಮಲ್ಲಿ ಹೆಚ್ಚು. ಲ್ಯಾಬಿನಲ್ಲಿ ಟರ್ಬೋ ಸಿ ನೀಲಿ ಪರದೆ ತೆರೆದುಕೊಂಡರೆ ಎದೆ ಬಡಿತ ಜೋರಾಗುತ್ತಿತ್ತು. ಪುಸ್ತಕದಲ್ಲಿದ್ದದ್ದನ್ನೇ ನೋಡಿ ಹೊಡೆದಿರುತ್ತಿದ್ದೆವು. ಆದರೂ ಕೆಳಗೆ ಇಂಗ್ಲಿಷಿನಲ್ಲಿ ಒಂದು ಸಾಲು ಬಂದು ನಿಲ್ಲುತ್ತಿತ್ತು: 'ಅನ್‌ಡಿಫೈನ್ಡ್ ಸಿಂಬಲ್'. ನನ್ನ ಪಕ್ಕದಲ್ಲಿ ಕೂರುತ್ತಿದ್ದ ಗೆಳೆಯ ಅಂಥ ಸಾಲುಗಳನ್ನೆಲ್ಲ ನೋಟ್‌ಬುಕ್ಕಿನ ಹಿಂದಿನ ಹಾಳೆಯಲ್ಲಿ ಕನ್ನಡ ಅಕ್ಷರದಲ್ಲಿ ಬರೆದುಕೊಳ್ಳುತ್ತಿದ್ದ, ಮಂತ್ರ ಬರೆದುಕೊಂಡ ಹಾಗೆ. ಅರ್ಥ ಕೇಳಿದರೆ ಮೇಷ್ಟ್ರು ಬಯ್ಯುತ್ತಾರೆ ಎಂಬ ಅಂಜಿಕೆ. ಎರಡನೇ ಸೆಮಿಸ್ಟರ್ ಮುಗಿಯುವ ಹೊತ್ತಿಗೆ ಅವನು ಕಾಲೇಜು ಬಿಟ್ಟ. ನಾನು ಪದವಿಯನ್ನು ಹೇಗೋ ಮುಗಿಸಿ ಕನ್ನಡ ಎಂ.ಎ.ಗೆ ಸೇರಿದೆ. ಈಗ ಹಳಗನ್ನಡ ವ್ಯಾಕರಣಗಳ ಮೇಲೆ ಪಿಎಚ್.ಡಿ. ಮಾಡುತ್ತಿದ್ದೇನೆ.

ವ್ಯಾಕರಣ ಓದುತ್ತ ಹೋದಂತೆ ಆ ನೀಲಿ ಪರದೆ ಮತ್ತೆ ಮತ್ತೆ ನೆನಪಾಗತೊಡಗಿತು. ಕಂಪೈಲರ್ ಎಂದರೆ ಒಳಗೆ ವ್ಯಾಕರಣವೇ ಎಂದು ತಿಳಿದದ್ದು ಹತ್ತು ವರ್ಷ ತಡವಾಗಿ. ಅಂದು ನಮ್ಮನ್ನು ಹೆದರಿಸಿದ್ದು ಯಾವುದು? ಯಂತ್ರವೋ, ಲೆಕ್ಕವೋ, ಅಥವಾ ಬರೀ ಇಂಗ್ಲಿಷೋ? ಉತ್ತರಕ್ಕಾಗಿ ಸ್ವಲ್ಪ ಇತಿಹಾಸಕ್ಕೆ ಹೋಗಬೇಕು.

ನಮ್ಮ ಕಡೆಯವರಿಗೆ ಇದು ಹೊಸ ಪಾಡಲ್ಲ. ಶಹಾಪುರದಲ್ಲಿದ್ದ ನನ್ನ ತಾತ ಕಲಿತದ್ದು ನಿಜಾಮರ ಕಾಲದ ಶಾಲೆಯಲ್ಲಿ, ಉರ್ದು ಮಾಧ್ಯಮದಲ್ಲಿ. ಮನೆಯಲ್ಲಿ ಕನ್ನಡ ಮಾತಾಡುತ್ತಿದ್ದ ಅವರು ಲೆಕ್ಕಕ್ಕೆ ಕೂತರೆ ಕೂಡುವುದಕ್ಕೆ 'ಜಮಾ', ಕಳೆಯುವುದಕ್ಕೆ 'ತಫರೀಕ್', ಗುಣಿಸುವುದಕ್ಕೆ 'ಜರಬ್', ಭಾಗಿಸುವುದಕ್ಕೆ 'ತಕ್ಸೀಮ್' ಎನ್ನುತ್ತಿದ್ದರು. 1918ರಲ್ಲಿ ಹೈದರಾಬಾದಿನಲ್ಲಿ ಆರಂಭವಾದ ಉಸ್ಮಾನಿಯಾ ವಿಶ್ವವಿದ್ಯಾಲಯ ವೈದ್ಯಕೀಯ, ಎಂಜಿನಿಯರಿಂಗನ್ನೂ ಉರ್ದುವಿನಲ್ಲಿ ಕಲಿಸಿತು. ಅದಕ್ಕಾಗಿಯೇ ಅನುವಾದದ ವಿಭಾಗವೊಂದನ್ನು ಕಟ್ಟಿ ವಿಜ್ಞಾನದ ಪುಸ್ತಕಗಳನ್ನು ಭಾಷಾಂತರಿಸಿದರು, ಪರಿಭಾಷೆಗಳನ್ನು ಹೊಸದಾಗಿ ಟಂಕಿಸಿದರು. ದೇಶಭಾಷೆಯೊಂದರಲ್ಲಿ ವಿಜ್ಞಾನ ಹೇಳಬಹುದು ಎನ್ನುವುದಕ್ಕೆ ಅದೊಂದು ದೊಡ್ಡ ಪ್ರಯೋಗ. ಆದರೆ ಯಾದಗಿರಿಯ ಕನ್ನಡದ ಹುಡುಗನಿಗೆ ಅದೂ ಪರಭಾಷೆಯೇ. 1948ರ ನಂತರ ಉರ್ದು ಹೋಯಿತು, ಶಾಲೆಗೆ ಕನ್ನಡ ಬಂತು, ಕಾಲೇಜಿಗೆ ಇಂಗ್ಲಿಷ್ ಬಂತು. ಲೆಕ್ಕದ ಭಾಷೆ ಎಂದರೆ ಯಾವಾಗಲೂ ಹೊರಗಿನದು ಎಂಬ ಭಾವನೆ ಮಾತ್ರ ಹೋಗಲಿಲ್ಲ.

ಹಾಗೆ ನೋಡಿದರೆ ಲೆಕ್ಕ ಈ ಸೀಮೆಗೆ ಹೊರಗಿನದಲ್ಲ. ವಾಡಿಯಲ್ಲಿ ಗಾಡಿ ಬದಲಿಸಿದರೆ ಮಳಖೇಡ ಸಿಗುತ್ತದೆ. ಅದು ರಾಷ್ಟ್ರಕೂಟರ ಮಾನ್ಯಖೇಟ. 9ನೇ ಶತಮಾನದಲ್ಲಿ ಮಹಾವೀರಾಚಾರ್ಯ 'ಗಣಿತಸಾರಸಂಗ್ರಹ' ಬರೆದದ್ದು ಆ ರಾಜ್ಯದ ಅಮೋಘವರ್ಷನ ಕಾಲದಲ್ಲಿ, ಸಂಸ್ಕೃತದಲ್ಲಿ. 12ನೇ ಶತಮಾನದ ಹೊತ್ತಿಗೆ ರಾಜಾದಿತ್ಯ 'ವ್ಯವಹಾರಗಣಿತ'ವನ್ನು ಕನ್ನಡದಲ್ಲೇ ಬರೆದ.

ಕಂಪ್ಯೂಟರಿನ ಕಥೆಗೆ ಬರೋಣ. ಯಂತ್ರಕ್ಕೆ ಯಾವ ಭಾಷೆಯೂ ಬರುವುದಿಲ್ಲ. ಅದಕ್ಕೆ ತಿಳಿಯುವುದು ಸೊನ್ನೆ, ಒಂದುಗಳ ಸಾಲು ಮಾತ್ರ. ನಾವು ಬರೆದದ್ದನ್ನು ಆ ಸಾಲಿಗೆ ಇಳಿಸುವ ದುಭಾಷಿಯೇ ಕಂಪೈಲರ್. ಈ ಕೆಲಸವನ್ನು ಮೊದಲು ಕೈಗೆತ್ತಿಕೊಂಡವರಲ್ಲಿ ಅಮೆರಿಕದ ಗ್ರೇಸ್ ಹಾಪರ್ ಒಬ್ಬರು. ಅವರ ಎ-0 ಬಂದದ್ದು 1952ರಲ್ಲಿ. ಅವರೇ ಹೇಳಿಕೊಂಡ ಪ್ರಸಂಗವೊಂದಿದೆ. 1950ರ ದಶಕದ ನಡುವೆ, ಇಂಗ್ಲಿಷ್ ಪದಗಳಲ್ಲಿ ಬರೆದ ಪ್ರೋಗ್ರಾಮನ್ನು ಅವರ ತಂಡ ಕಂಪನಿಯ ಮೇಲಿನವರಿಗೆ ತೋರಿಸಿತು. ಪದ ಯಾವ ಭಾಷೆಯದಾದರೂ ಯಂತ್ರಕ್ಕೆ ಒಂದೇ ಎಂದು ತಿಳಿಸಲು ಅದೇ ಪ್ರೋಗ್ರಾಮನ್ನು ಫ್ರೆಂಚ್ ಮತ್ತು ಜರ್ಮನ್ ಪದಗಳಲ್ಲೂ ಓಡಿಸಿತು. ಮೇಲಿನವರು ಮೆಚ್ಚುವ ಬದಲು ಗಾಬರಿಯಾದರು. ಅಮೆರಿಕದಲ್ಲಿ ತಯಾರಾದ ಯಂತ್ರಕ್ಕೆ ಫ್ರೆಂಚ್ ತಿಳಿಯುವುದೆಂದರೇನು? ಇಂಗ್ಲಿಷ್ ಬಿಟ್ಟು ಬೇರೆ ಯಾವುದನ್ನೂ ಹಾಕುವುದಿಲ್ಲ ಎಂದು ಅವರನ್ನು ಒಪ್ಪಿಸಲು ಹಾಪರ್ ತಂಡಕ್ಕೆ ತಿಂಗಳುಗಳೇ ಬೇಕಾದವು.

ಇದನ್ನು ಓದಿದ ದಿನ ನಾನು ಬಹಳ ಹೊತ್ತು ಸುಮ್ಮನೆ ಕೂತಿದ್ದೆ. 'ಇಫ್', 'ವೈಲ್', 'ರಿಟರ್ನ್' ಎಂಬ ಪದಗಳು ಯಂತ್ರದ ಸ್ವಭಾವದಿಂದ ಹುಟ್ಟಿದವಲ್ಲ. ಯಾರೋ ಎಲ್ಲೋ ಮಾಡಿದ ಆಯ್ಕೆಗಳು ಕಾಲಕ್ರಮದಲ್ಲಿ ರೂಢಿಯಾಗಿವೆ, ಅಷ್ಟೆ.

ಇನ್ನು ವ್ಯಾಕರಣದ ವಿಷಯ. 1957ರಲ್ಲಿ ಫೋರ್ಟ್ರಾನ್ ಕಂಪೈಲರನ್ನು ಹೊರತಂದ ಐಬಿಎಂ ತಂಡದ ಮುಂದಾಳು ಜಾನ್ ಬ್ಯಾಕಸ್, 1959ರಲ್ಲಿ ಪ್ಯಾರಿಸ್ಸಿನ ಸಮ್ಮೇಳನದಲ್ಲಿ ಪ್ರೋಗ್ರಾಮಿಂಗ್ ಭಾಷೆಯ ರಚನೆಯನ್ನು ಸೂತ್ರಗಳಲ್ಲಿ ಹೇಳುವ ಬಗೆಯೊಂದನ್ನು ಮುಂದಿಟ್ಟರು. ಮರುವರ್ಷ ಪೀಟರ್ ನೌರ್ ಅದನ್ನು ತಿದ್ದಿ ಆಲ್ಗಾಲ್ 60 ಭಾಷೆಯ ವರದಿಯಲ್ಲಿ ಬಳಸಿದರು. ಇಂದಿಗೂ ಕಂಪೈಲರ್ ಪಾಠ ಇಲ್ಲಿಂದಲೇ ಶುರುವಾಗುತ್ತದೆ. 1967ರಲ್ಲಿ ಇಂಗರ್‌ಮನ್ ಎಂಬುವವರು ಪತ್ರಿಕೆಯೊಂದಕ್ಕೆ ಪತ್ರ ಬರೆದು, ಇಂಥ ಸೂತ್ರಪದ್ಧತಿ ಪಾಣಿನಿಯಲ್ಲಿ ಆಗಲೇ ಇತ್ತಾದ್ದರಿಂದ ಇದನ್ನು 'ಪಾಣಿನಿ-ಬ್ಯಾಕಸ್ ರೂಪ' ಎಂದು ಕರೆಯೋಣ ಎಂದರು. ಹೆಸರು ನಿಲ್ಲಲಿಲ್ಲ. 1985ರಲ್ಲಿ ರಿಕ್ ಬ್ರಿಗ್ಸ್ ಎಂಬ ಸಂಶೋಧಕ ಸಂಸ್ಕೃತದ ಶಾಸ್ತ್ರೀಯ ವಾಕ್ಯವಿಶ್ಲೇಷಣೆಗೂ ಕೃತಕ ಬುದ್ಧಿಮತ್ತೆಗೂ ಇರುವ ಹೋಲಿಕೆಯ ಬಗ್ಗೆ ಲೇಖನ ಬರೆದರು. ಅದು ನಮ್ಮಲ್ಲಿ 'ಕಂಪ್ಯೂಟರಿಗೆ ಸಂಸ್ಕೃತವೇ ಶ್ರೇಷ್ಠ ಎಂದು ನಾಸಾ ಹೇಳಿದೆ' ಎಂಬ ವಾಟ್ಸಾಪ್ ಸಂದೇಶವಾಗಿ ಇಂದಿಗೂ ಸುತ್ತುತ್ತಿದೆ. ಬ್ರಿಗ್ಸ್ ಹೇಳಿದ್ದು ಹಾಗಲ್ಲ. ಪಾಣಿನಿ ಕಂಪ್ಯೂಟರ್ ಮಾಡಲಿಲ್ಲ. ಸುಮಾರು ನಾಲ್ಕು ಸಾವಿರ ಸೂತ್ರಗಳು ಒಂದಕ್ಕೊಂದು ಡಿಕ್ಕಿ ಹೊಡೆಯದಂತೆ ಜೋಡಿಸುವುದು ಹೇಗೆ ಎಂಬ ಪ್ರಶ್ನೆಗೆ ಉತ್ತರ ಹುಡುಕಿದ. ಕಂಪೈಲರ್ ಬರೆಯುವವರ ಪ್ರಶ್ನೆಯೂ ಅದೇ ಜಾತಿಯದು. ಇಷ್ಟು ಹೇಳಿದರೆ ಸಾಕು, ಅವನ ಗೌರವಕ್ಕೇನೂ ಕೊರತೆಯಾಗುವುದಿಲ್ಲ.

ನನಗೆ ಹೆಚ್ಚು ಹತ್ತಿರದವರು ನಾಗವರ್ಮ ಮತ್ತು ಕೇಶಿರಾಜ. ಚಾಲುಕ್ಯರ ಆಶ್ರಯದಲ್ಲಿದ್ದ ಎರಡನೇ ನಾಗವರ್ಮ ಕನ್ನಡಕ್ಕೆ ಎರಡು ವ್ಯಾಕರಣ ಬರೆದ. 'ಕರ್ಣಾಟಕ ಭಾಷಾಭೂಷಣ' ಸಂಸ್ಕೃತದ ಸೂತ್ರಗಳಲ್ಲಿದೆ. 'ಕಾವ್ಯಾವಲೋಕನ'ದ ಮೊದಲ ಭಾಗವಾದ 'ಶಬ್ದಸ್ಮೃತಿ' ಕನ್ನಡದಲ್ಲೇ ಇದೆ. 1260ರ ಸುಮಾರಿಗೆ ಕೇಶಿರಾಜ 'ಶಬ್ದಮಣಿದರ್ಪಣ'ವನ್ನು ಕಂದಪದ್ಯಗಳಲ್ಲಿ, ಕನ್ನಡದ ವೃತ್ತಿಯೊಂದಿಗೆ ಬರೆದ. ಒಂದು ಭಾಷೆಯ ನಿಯಮವನ್ನು ಅದೇ ಭಾಷೆಯಲ್ಲಿ ಹೇಳುವುದು ಸಣ್ಣ ಸಂಗತಿಯಲ್ಲ. ಕಂಪೈಲರ್ ಲೋಕದಲ್ಲೂ ಇಂಥದ್ದೊಂದು ಘಟ್ಟವಿದೆ. ಹೊಸ ಭಾಷೆಯ ಮೊದಲ ಕಂಪೈಲರನ್ನು ಬೇರೊಂದು ಭಾಷೆಯಲ್ಲಿ ಬರೆಯುತ್ತಾರೆ. ಭಾಷೆ ಬಲಿತ ಮೇಲೆ ಅದರ ಕಂಪೈಲರನ್ನು ಅದರಲ್ಲೇ ಬರೆಯುತ್ತಾರೆ. ಅಲ್ಲಿಗೆ ಅದು ತನ್ನ ಕಾಲ ಮೇಲೆ ನಿಂತಿತು ಎಂದು ಲೆಕ್ಕ. 1962ರಲ್ಲಿ ಎಂಐಟಿಯಲ್ಲಿ ಲಿಸ್ಪ್ ಭಾಷೆ ಹಾಗೆ ನಿಂತಿತು.

ಹೋಲಿಕೆ ಎಲ್ಲಿ ಮುರಿಯುತ್ತದೆ ಎಂಬುದನ್ನೂ ಹೇಳಬೇಕು. ಶಾಲೆಯಲ್ಲಿ ಕಲಿತ ಸಂಧಿಯನ್ನೇ ತೆಗೆದುಕೊಳ್ಳಿ. 'ಊರು' ಮತ್ತು 'ಊರು' ಸೇರಿದರೆ ಉಕಾರ ಲೋಪವಾಗಿ 'ಊರೂರು'. 'ಮನೆ' ಮತ್ತು 'ಅಲ್ಲಿ' ಸೇರಿದರೆ ಎಕಾರ ಲೋಪವಾಗಬಾರದು, 'ಮನಲ್ಲಿ' ಎಂದರೆ ಅರ್ಥ ಕೆಡುತ್ತದೆ. ಅದಕ್ಕೇ ಯಕಾರ ಬಂದು 'ಮನೆಯಲ್ಲಿ'. 'ಮಳೆ' ಮತ್ತು 'ಕಾಲ' ಸೇರಿದರೆ ಕಕಾರಕ್ಕೆ ಗಕಾರ ಬಂದು 'ಮಳೆಗಾಲ'. ಲೋಪ, ಆಗಮ, ಆದೇಶ ಮೂರನ್ನೂ ಯಂತ್ರಕ್ಕೆ ಕಲಿಸಬಹುದು. ಆದರೆ 'ಅರ್ಥ ಕೆಡದಿದ್ದರೆ' ಎಂಬ ಷರತ್ತನ್ನು ಕಲಿಸುವುದು ಹೇಗೆ? ನಮ್ಮ ವೈಯಾಕರಣರು ಎದುರಿಗೆ ಕನ್ನಡ ಬಲ್ಲ ಮನುಷ್ಯನಿದ್ದಾನೆ ಎಂದು ನಂಬಿ ಬರೆದರು. ಕಂಪೈಲರ್ ಬರೆಯುವವರಿಗೆ ಆ ಭಾಗ್ಯವಿಲ್ಲ. ಆದ್ದರಿಂದ ಅವರು ಅರ್ಥ ತಿಳಿಯದವನೂ ತಪ್ಪದೆ ನಡೆಸಬಹುದಾದಷ್ಟು ಬಡ ಭಾಷೆಯನ್ನು ಕಟ್ಟುತ್ತಾರೆ. ಒಂದು ಸೆಮಿಕೋಲನ್ ಬಿಟ್ಟರೂ ಅದು ರಂಪ ಮಾಡುವುದು ಜಾಣತನದಿಂದಲ್ಲ, ಊಹಿಸಲು ಬಾರದ್ದರಿಂದ. ಇಷ್ಟನ್ನು ಯಾರಾದರೂ ಅಂದು ಹೇಳಿದ್ದರೆ ನಮ್ಮ ಅರ್ಧ ಭಯ ಇಳಿಯುತ್ತಿತ್ತು.

ಉಳಿದರ್ಧ ಇಳಿದದ್ದು ಇನ್ನೊಂದು ಸಂಗತಿಯಿಂದ. 80 + 5 × 40 ಎಂದು ಬರೆದರೆ ಯಂತ್ರ ಎಡದಿಂದ ಬಲಕ್ಕೆ ನೇರವಾಗಿ ಮಾಡಿಕೊಂಡು ಹೋಗಲಾಗದು. ಗುಣಾಕಾರ ಮೊದಲಾಗಬೇಕು. 1961ರಲ್ಲಿ ಡಚ್ ವಿಜ್ಞಾನಿ ಡೈಕ್‌ಸ್ಟ್ರಾ ಇದಕ್ಕೊಂದು ಉಪಾಯ ವಿವರಿಸಿದರು. ಅದರ ಹೆಸರು ರೈಲಿನ ಶಂಟಿಂಗ್ ಯಾರ್ಡಿನಿಂದ ಬಂದದ್ದು. ವಾಡಿ ಜಂಕ್ಷನ್ನಿನಲ್ಲಿ ಗೂಡ್ಸ್ ಡಬ್ಬಿಗಳನ್ನು ಪಕ್ಕದ ಹಳಿಗೆ ತಳ್ಳಿ ಆಮೇಲೆ ಬೇಕಾದ ಕ್ರಮದಲ್ಲಿ ಜೋಡಿಸುವುದನ್ನು ನೋಡಿದವರಿಗೆ ಇದು ಕೂಡಲೇ ತಿಳಿಯುತ್ತದೆ. ಅಂಕಿಗಳು ನೇರ ಮುಂದೆ ಹೋಗುತ್ತವೆ. ಕೂಡು, ಗುಣಿಸು ಎಂಬ ಚಿಹ್ನೆಗಳು ಪಕ್ಕದ ಹಳಿಯಲ್ಲಿ ಕಾಯುತ್ತವೆ. ಕೊನೆಗೆ ಹೊರಬರುವ ಸಾಲು: 80, 5, 40, ಗುಣಿಸು, ಕೂಡಿಸು. ಮೊದಲು ಅಂಕಿ, ಆಮೇಲೆ ಕ್ರಿಯೆ. ಕ್ರಿಯೆಯನ್ನು ಮೊದಲಿಟ್ಟು ಆವರಣಗಳನ್ನೇ ಬಿಟ್ಟುಬಿಡಬಹುದೆಂದು 1920ರ ದಶಕದಲ್ಲಿ ತೋರಿಸಿದವರು ಪೋಲೆಂಡಿನ ತರ್ಕಶಾಸ್ತ್ರಜ್ಞ ವುಕಾಸಿಯೆವಿಚ್. ಅದನ್ನು ತಿರುಗಿಸಿದರೆ ಬರುವುದೇ ಈ ಕ್ರಮ.

ಆದರೆ ಕ್ರಿಯೆ ಕೊನೆಗೆ ಬರುವುದು ಕನ್ನಡದ ನಡೆಯೇ ಅಲ್ಲವೆ? 'ಎರಡಕ್ಕೆ ಮೂರು ಕೂಡಿಸು' ಎನ್ನುತ್ತೇವೆ, 'ಕೂಡಿಸು ಎರಡಕ್ಕೆ ಮೂರು' ಎನ್ನುವುದಿಲ್ಲ. 'ಐದನ್ನು ನಲವತ್ತರಿಂದ ಗುಣಿಸು, ಬಂದದ್ದನ್ನು ಎಂಬತ್ತಕ್ಕೆ ಕೂಡಿಸು' ಎನ್ನುವಾಗ ಆ 'ಬಂದದ್ದು' ಯಂತ್ರದ ಅಟ್ಟಿಯ ಮೇಲ್ತುದಿಯಲ್ಲಿರುವ ಬೆಲೆ. ಬಹಳಷ್ಟು ಕಂಪೈಲರ್‌ಗಳು ಇಂಗ್ಲಿಷ್‌ ಮುಖದ ಪ್ರೋಗ್ರಾಮನ್ನು ಒಳಗೊಳಗೇ ನಮ್ಮ ವಾಕ್ಯಕ್ರಮಕ್ಕೆ ತಿರುಗಿಸಿಕೊಳ್ಳುತ್ತವೆ ಎಂದರೆ ತಮಾಷೆಯಾದರೂ ಸುಳ್ಳಲ್ಲ. ಇದೂ ಕನ್ನಡದ ಹಿರಿಮೆಗೆ ಪುರಾವೆಯಲ್ಲ. ತಮಿಳು, ತುರ್ಕಿ, ಜಪಾನಿ ಭಾಷೆಗಳ ಕ್ರಮವೂ ಹೀಗೇ. ಜೊತೆಗೆ ನಮ್ಮಲ್ಲಿ ವಿಭಕ್ತಿ ಇರುವುದರಿಂದ ಪದಗಳನ್ನು ಹಿಂದುಮುಂದು ಮಾಡಬಹುದು, ಯಂತ್ರದ ಅಟ್ಟಿಗೆ ಆ ಸ್ವಾತಂತ್ರ್ಯವಿಲ್ಲ. ನಾನು ಹೇಳುವುದಿಷ್ಟೇ: ಕನ್ನಡದ ಹುಡುಗಿಗೆ ಇದನ್ನು ಕಲಿಸಲು ಅವಳ ಬಾಯಲ್ಲಿರುವ ಮಾತಿನಿಂದಲೇ ಶುರುಮಾಡಬಹುದು.

ಕನ್ನಡ ನೆಲದವರು ಈ ಕೆಲಸದಲ್ಲಿ ಹಿಂದೆ ಬಿದ್ದವರೂ ಅಲ್ಲ. ಶಿಡ್ಲಘಟ್ಟದಲ್ಲಿ ಹುಟ್ಟಿ ಮೈಸೂರಿನಲ್ಲಿ ಓದಿದ ಎನ್.ಆರ್. ನಾರಾಯಣಮೂರ್ತಿ ಇನ್ಫೋಸಿಸ್‌ಗೆ ಬಹಳ ಮೊದಲು, ಅಹಮದಾಬಾದಿನ ಐಐಎಂನಲ್ಲಿದ್ದಾಗ, ಇಸಿಐಎಲ್ ಕಂಪ್ಯೂಟರಿಗಾಗಿ ಬೇಸಿಕ್ ಭಾಷೆಯ ಇಂಟರ್‌ಪ್ರಿಟರ್ ರಚಿಸಿದ್ದರು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪ್ರೀತಿ ಶಂಕರ್ ಮತ್ತು ವೈ.ಎನ್. ಶ್ರೀಕಾಂತ್ ಸಂಪಾದಿಸಿದ ಕಂಪೈಲರ್ ಕೈಪಿಡಿ 2002ರಲ್ಲಿ ಹೊರದೇಶದಲ್ಲಿ ಪ್ರಕಟವಾಯಿತು. ಮಕ್ಕಳಿಗಾಗಿ 1967ರಲ್ಲಿ ಹುಟ್ಟಿದ ಲೋಗೋ ಭಾಷೆಯನ್ನು ಕನ್ನಡಕ್ಕೆ ತಂದವರು ಡಾ. ಯು.ಬಿ. ಪವನಜ. ಪರದೆಯ ಮೇಲಿನ ಆಮೆಗೆ ಕನ್ನಡದಲ್ಲೇ ಆಜ್ಞೆ ಕೊಟ್ಟು ಚಿತ್ರ ಬರೆಸಬಹುದು. 2008ರಲ್ಲಿ ಬಂದ ಪೈಥಾನ್ 3ರಲ್ಲಿ 'ಬೆಲೆ', 'ಒಟ್ಟು' ಎಂದು ಕನ್ನಡದಲ್ಲೇ ಹೆಸರಿಡಬಹುದು. ಆದರೆ 'ಸಾಫ್ಟ್‌ವೇರ್' ಎಂಬ ಪದದಲ್ಲಿ ಒತ್ತಕ್ಷರವಾಗದಂತೆ ನಾವು ನಡುವೆ ಹಾಕುವ ಕಾಣದ ಅಕ್ಷರವೊಂದಿದೆ, ಅದನ್ನು ಕಂಡರೆ ಪೈಥಾನ್ ತಪ್ಪು ಎನ್ನುತ್ತದೆ. ಆ ತಪ್ಪನ್ನು ಹೇಳುವುದೂ ಇಂಗ್ಲಿಷಿನಲ್ಲಿ.

ಗಂಟು ಇರುವುದು ಇಲ್ಲೇ ಎಂದು ನನಗನಿಸುತ್ತದೆ. ನಾಲ್ಕೈದು ಡಜನ್ ಇಂಗ್ಲಿಷ್ ಪದಗಳನ್ನು ಯಾರು ಬೇಕಾದರೂ ಬಾಯಿಪಾಠ ಮಾಡಬಹುದು. ಕಲಿಯುವವನು ಎಡವಿದಾಗ ಎಲ್ಲಿ, ಯಾಕೆ ಎಡವಿದ ಎಂದು ಅವನಿಗೆ ತಿಳಿಯುವ ಮಾತಿನಲ್ಲಿ ಹೇಳುವವರು ಬೇಕು. ಕೇಶಿರಾಜ ಸೂತ್ರ ಹೇಳಿ ಸುಮ್ಮನಾಗಲಿಲ್ಲ, ವೃತ್ತಿ ಬರೆದ, ಪ್ರಯೋಗ ಕೊಟ್ಟ. ನಮ್ಮ ಲ್ಯಾಬುಗಳಲ್ಲಿ ಸೂತ್ರವಿದೆ, ವೃತ್ತಿಯಿಲ್ಲ.

ಕಳೆದ ಬೇಸಿಗೆಯಲ್ಲಿ ಸುರಪುರಕ್ಕೆ ಹೋದಾಗ ಆ ಗೆಳೆಯನ ಕಿರಾಣಿ ಅಂಗಡಿಗೆ ಹೋಗಿದ್ದೆ. ಗಿರಾಕಿಯೊಬ್ಬರಿಗೆ ಬಿಲ್ಲು ಹೇಳುತ್ತಿದ್ದ: "ಐದು ಕೆಜಿ, ನಲವತ್ತರಂಗ ಗುಣಸು. ಅದಕ್ಕ ಎಂಬತ್ತು ಕೂಡ್ಸು. ಹತ್ತು ಕಳಿ. ಎರಡ್ನೂರಾ ಎಪ್ಪತ್ತು." ಗಿರಾಕಿ ಹೋದ ಮೇಲೆ ಚೀಟಿಯ ಹಿಂದೆ ಬರೆದು ತೋರಿಸಿದೆ. 5, 40, ಗುಣಿಸು, 80, ಕೂಡಿಸು, 10, ಕಳೆ. "ಸಿ ಕಂಪೈಲರ್ ಒಳಗ ಹೆಚ್ಚುಕಡಿಮಿ ಹಿಂಗ ಮಾಡ್ತದ" ಎಂದೆ.

ಚೀಟಿಯನ್ನು ತಿರುಗಿಸಿ ನೋಡಿದ. "ಇದು ನಾ ಈಗ ಅಂದಿದ್ದೇ ಅಲ್ಲೇನು?"

"ಹೌದು."

"ಅವಾಗ ಯಾರೂ ಹಿಂಗ ಹೇಳ್ಲೇ ಇಲ್ಲಲ್ಲೋ" ಎಂದು ಚೀಟಿಯನ್ನು ಗಲ್ಲಾಪೆಟ್ಟಿಗೆಯೊಳಗೆ ಇಟ್ಟುಕೊಂಡ. ಅಷ್ಟರಲ್ಲಿ ಇನ್ನೊಬ್ಬ ಗಿರಾಕಿ ಬಂದರು. ನಾನು ಶಹಾಪುರದ ಬಸ್ಸಿಗೆ ಹೊರಟೆ.