ವೂಲ್ಸ್‌ಥಾರ್ಪ್ ತೋಟದ ಸೇಬಿನ ಮರ

ಸೇಬು ತಲೆಯ ಮೇಲೆ ಬಿತ್ತು, ನ್ಯೂಟನ್‌ಗೆ ಗುರುತ್ವದ ನಿಯಮ ಹೊಳೆಯಿತು. ಈ ಕಥೆಯನ್ನು ಕೇಳದ ವಿದ್ಯಾರ್ಥಿ ಇರಲಾರ. ಆ ಮರ ಇಂದಿಗೂ ಬದುಕಿದೆ ಎಂದರೆ ಮಾತ್ರ ಅನೇಕರು ನಂಬುವುದಿಲ್ಲ.

ಇಂಗ್ಲೆಂಡಿನ ಲಿಂಕನ್‌ಶೈರ್‌ನಲ್ಲಿ, ಗ್ರ್ಯಾಂಥಮ್ ಪಟ್ಟಣದ ದಕ್ಷಿಣಕ್ಕೆ ವೂಲ್ಸ್‌ಥಾರ್ಪ್ ಎಂಬ ಹಳ್ಳಿಯಿದೆ. ಅಲ್ಲಿನ ಮ್ಯಾನರ್ ಮನೆಯಲ್ಲಿ 1642ರ ಡಿಸೆಂಬರ್ 25ರಂದು (ಈಗಿನ ಕ್ಯಾಲೆಂಡರಿನಂತೆ 1643ರ ಜನವರಿ 4) ನ್ಯೂಟನ್ ಹುಟ್ಟಿದ. ಮ್ಯಾನರ್ ಎಂದೊಡನೆ ಅರಮನೆಯನ್ನು ಊಹಿಸಿಕೊಳ್ಳಬೇಕಾಗಿಲ್ಲ. ಇದು ಕುರಿ ಸಾಕುತ್ತಿದ್ದ ರೈತ ಕುಟುಂಬದ ಸುಣ್ಣಕಲ್ಲಿನ ಮನೆ.

1943ರಿಂದ ಮನೆಯೂ ತೋಟವೂ ನ್ಯಾಷನಲ್ ಟ್ರಸ್ಟ್ ಎಂಬ ಸಂಸ್ಥೆಯ ವಶದಲ್ಲಿವೆ. ನೋಡಲು ಬಂದವರು ಮೊದಲು ಹುಡುಕುವುದು ಮನೆಯ ಮುಂದಿನ ಸೇಬಿನ ಮರವನ್ನು. ಅದರ ಸುತ್ತ ಕಡ್ಡಿಗಳಿಂದ ಹೆಣೆದ ಗಿಡ್ಡ ಬೇಲಿಯಿದೆ. ಜನ ತುಳಿದು ಬೇರಿನ ಮೇಲಿನ ಮಣ್ಣು ಗಟ್ಟಿಯಾಗದಿರಲೆಂದು ಈ ಏರ್ಪಾಡು. 1820ರ ಸುಮಾರಿಗೆ ಬಿರುಗಾಳಿಗೆ ಮರ ಉರುಳಿತು. ಮುರಿದ ಕೊಂಬೆಗಳಿಂದ ನಶ್ಯದ ಡಬ್ಬಿಗಳನ್ನು ಮಾಡಿಕೊಂಡವರೂ ಉಂಟು! ಆದರೆ ಬೇರು ಪೂರ್ತಿ ಕಿತ್ತುಬಂದಿರಲಿಲ್ಲ. ಬಿದ್ದ ಕಾಂಡ ಮತ್ತೆ ಚಿಗುರಿ ಬೆಳೆಯಿತು.

ಇದು 'ಫ್ಲವರ್ ಆಫ್ ಕೆಂಟ್' ಎಂಬ ತಳಿ. ಹಣ್ಣು ಹಾಗೇ ತಿನ್ನುವುದಕ್ಕಿಂತ ಬೇಯಿಸಲು ಸರಿ. ಸೇಬಿನ ಬೀಜ ನೆಟ್ಟರೆ ತಾಯಿಮರದ ಗುಣ ಹಾಗೆಯೇ ಬರುವುದಿಲ್ಲ. ಏಕೆಂದರೆ ಬೀಜ ಕಟ್ಟಲು ಸಾಮಾನ್ಯವಾಗಿ ಬೇರೆ ತಳಿಯ ಪರಾಗ ಬೇಕು. ಆದ್ದರಿಂದ ಕಸಿಯೇ ದಾರಿ. ಲೋಕದ ಅನೇಕ ವಿಶ್ವವಿದ್ಯಾಲಯಗಳ ಅಂಗಳದಲ್ಲಿರುವ 'ನ್ಯೂಟನ್ ಮರ'ಗಳು ಹೀಗೆ ಕಸಿಯಿಂದ ಬಂದವು. ಕೇಂಬ್ರಿಜ್ ಸಸ್ಯೋದ್ಯಾನದಲ್ಲಿ 1954ರಲ್ಲಿ ನೆಟ್ಟ ಅಂಥ ಒಂದು ಮರ 2022ರ ಫೆಬ್ರವರಿಯ ಬಿರುಗಾಳಿಗೆ ಬಿತ್ತು.

ಇನ್ನು ಕಥೆಗೆ ಆಧಾರವೇನು? 1665ರಲ್ಲಿ ಪ್ಲೇಗ್ ಹರಡಿದಾಗ ಕೇಂಬ್ರಿಜ್ ವಿಶ್ವವಿದ್ಯಾಲಯ ಮುಚ್ಚಿತು. ಆಗಷ್ಟೆ ಪದವಿ ಪಡೆದಿದ್ದ ನ್ಯೂಟನ್ ಊರಿಗೆ ಮರಳಿದ. 1666ರ ವಸಂತದಲ್ಲಿ ಕೆಲಕಾಲ ಕೇಂಬ್ರಿಜ್‌ಗೆ ಹೋಗಿಬಂದದ್ದು ಬಿಟ್ಟರೆ 1667ರವರೆಗೂ ಇಲ್ಲೇ ಇದ್ದ. ಸೇಬಿನ ಮಾತನ್ನು ಆತ ಹೇಳಿದ್ದು ಮಾತ್ರ ಅರವತ್ತು ವರ್ಷ ಕಳೆದ ಮೇಲೆ. 1726ರ ಏಪ್ರಿಲ್ 15ರಂದು ಲಂಡನ್ನಿನ ಕೆನ್ಸಿಂಗ್ಟನ್‌ನಲ್ಲಿ, ಊಟದ ನಂತರ, ಸೇಬಿನ ಮರಗಳ ನೆರಳಲ್ಲಿ ಚಹಾ ಕುಡಿಯುತ್ತಾ ಗೆಳೆಯ ವಿಲಿಯಂ ಸ್ಟೂಕ್ಲಿಗೆ ತಿಳಿಸಿದ. ಸ್ಟೂಕ್ಲಿ ಬರೆದಿಟ್ಟದ್ದರಲ್ಲಿ ಹಣ್ಣು ಬಿದ್ದದ್ದಿದೆ, ಅದು ನೇರ ಕೆಳಕ್ಕೇ ಏಕೆ ಬೀಳಬೇಕೆಂಬ ಯೋಚನೆಯಿದೆ. ತಲೆಗೆ ಪೆಟ್ಟು ಬಿದ್ದದ್ದಿಲ್ಲ. ಯಾವ ಮರವೆಂಬುದೂ ಅಲ್ಲಿಲ್ಲ. ಅದನ್ನು ಗುರುತಿಸಿದ್ದು ಊರಿನವರ ತಲೆಮಾರಿನ ಮಾತು.

ತರಗತಿಯಲ್ಲಿ ಹೇಳಬೇಕಾದ ಮುಖ್ಯ ಭಾಗ ಸೇಬು ಬಿದ್ದ ಮೇಲಿನದು ಎಂದು ನನಗನ್ನಿಸುತ್ತದೆ. ಸೇಬನ್ನು ಎಳೆಯುವ ಬಲವೇ ಚಂದ್ರನವರೆಗೂ ಚಾಚಿದೆಯೆ? ಚಂದ್ರನ ದೂರ ಭೂಮಿಯ ತ್ರಿಜ್ಯದ ಸುಮಾರು 60 ಪಟ್ಟು. ದೂರದ ವರ್ಗಕ್ಕೆ ತಕ್ಕಂತೆ ಬಲ ಕುಗ್ಗುವುದಾದರೆ ಅಲ್ಲಿ ಅದು 3600ರಲ್ಲಿ ಒಂದು ಪಾಲು. ಸೇಬು ಮೊದಲ ಸೆಕೆಂಡಿನಲ್ಲಿ 4.9 ಮೀಟರ್ ಬೀಳುತ್ತದೆ. ಚಂದ್ರ ಒಂದು ಸೆಕೆಂಡಿನಲ್ಲಿ ಸರಳ ರೇಖೆಯ ಹಾದಿಯಿಂದ ಭೂಮಿಯತ್ತ 'ಬೀಳುವುದು' ಬರೀ 1.4 ಮಿಲಿಮೀಟರಿನಷ್ಟು. ಭಾಗಿಸಿ ನೋಡಿ, ಲೆಕ್ಕ ಕೂಡಿಬರುತ್ತದೆ.

ಆದರೆ 1660ರ ದಶಕದಲ್ಲಿ ನ್ಯೂಟನ್‌ಗೆ ಅದು ಕೂಡಿಬರಲಿಲ್ಲ. 3600 ಬರಬೇಕಾದಲ್ಲಿ 4000ಕ್ಕೂ ಹೆಚ್ಚು ಬಂತು. ತಪ್ಪಿದ್ದದ್ದು ಭೂಮಿಯ ಗಾತ್ರದಲ್ಲಿ. ಒಂದು ಡಿಗ್ರಿ ಅಕ್ಷಾಂಶಕ್ಕೆ ಆತ ಹಿಡಿದದ್ದು 60 ಮೈಲಿ. ನಿಜಕ್ಕೆ ಅದು ಸುಮಾರು 69 ಮೈಲಿ. ಫ್ರಾನ್ಸಿನ ಖಗೋಳಜ್ಞ ಪಿಕಾರ್ 1669-70ರಲ್ಲಿ ಪ್ಯಾರಿಸ್ ಬಳಿ ನೆಲವನ್ನು ಎಚ್ಚರದಿಂದ ಅಳೆದು ಸರಿಯಾದ ಬೆಲೆ ಕೊಟ್ಟ. ಅದೊಂದೇ ಸಾಲದಾಗಿತ್ತು. ಇಡೀ ಭೂಗೋಲದ ಎಳೆತವನ್ನು ಅದರ ಕೇಂದ್ರದಲ್ಲೇ ಇದೆಯೆಂದು ಎಣಿಸಬಹುದೆಂಬುದಕ್ಕೆ ಗಣಿತದ ಸಾಧನೆ ಬೇಕಿತ್ತು. ಇವೆಲ್ಲ ಒಂದೆಡೆ ಸೇರಿ 'ಪ್ರಿನ್ಸಿಪಿಯಾ' ಪ್ರಕಟವಾದದ್ದು 1687ರಲ್ಲಿ, ಆ ಹಣ್ಣು ಬಿದ್ದ ಇಪ್ಪತ್ತು ವರ್ಷಗಳ ಮೇಲೆ.

2010ರಲ್ಲಿ ಗಗನಯಾತ್ರಿ ಪಿಯರ್ಸ್ ಸೆಲ್ಲರ್ಸ್ ಈ ಮರದ ಒಂದು ತುಂಡನ್ನು ಅಟ್ಲಾಂಟಿಸ್ ನೌಕೆಯಲ್ಲಿ ಕೊಂಡೊಯ್ದರು. ಭೂಮಿಯನ್ನು ಸುತ್ತುತ್ತಿದ್ದಾಗ ಅದೂ ಚಂದ್ರನಂತೆ ಬೀಳುತ್ತಲೇ ಇತ್ತು.